ಬ್ರೇಕಿನೊಳಗಿನ ಗಾಳಿ

ಜಿಲ್ಲೆ ಒಡೆಯುವ ಮೊದಲೇ ಬಂದ ಗಾಡಿ ಇದು.
ಆಮೇಲೆ ಬಂದವೆಲ್ಲ ಹದಿನೇಳು,
ನಮ್ಮ ಟೂ ನಾಟ್ ಸೆವೆನ್ ಇನ್ನೂ ಹದಿನಾರು.
ದಾವಣಗೆರೆ ಬಿಟ್ಟು ಬಾಳಿದ್ದಿಲ್ಲ, ಹಣೆಯ ಮೇಲೆ ಮಾತ್ರ ದುರ್ಗ.
ಎಫ್‌ಸಿಗೆ ಹೋದಾಗೆಲ್ಲ ಸಾಹೇಬರು
‘ಇನ್ನೂ ಐತೇನ್ರೀ ಇದು?’ ಅನ್ನುತ್ತಾರೆ,
ಯಾರದೋ ಮನೆಯ ಮುದುಕಿಯನ್ನು ವಿಚಾರಿಸಿದ ಹಾಗೆ.

ಮೂವತ್ತು ವರ್ಷ ಮಂಡಕ್ಕಿ ಹೊತ್ತಿದೆ.
ನೋಡಿದರೆ ಜೋಗಿಮಟ್ಟಿ, ತೂಗಿದರೆ ಗಾಳಿ.
ಅದಕ್ಕೇ ಪಟ್ಟಾ ಒಂದೂ ಮುರಿದಿಲ್ಲ.
ಮೇಲೆ ಹೊತ್ತ ಗಾಳಿಯಿಂದ ಯಾವತ್ತೂ ತೊಂದರೆಯಿಲ್ಲ,
ಮೊನ್ನೆ ಅಶೋಕ ರಸ್ತೆಯ ರೈಲ್ವೆ ಗೇಟಿನ ಹತ್ತಿರ
ಒಳಗೆ ಹೊಕ್ಕಿದ್ದು ತೋರಿಸಿತು.
ಪೆಡಲು ತುಳಿದರೆ ಮೆತ್ತಗೆ,
ಅಜ್ಜ ಹಿಂಜಿಟ್ಟ ಅರಳೆಯ ಮೇಲೆ ಕಾಲಿಟ್ಟ ಹಾಗೆ,
ತಳ ಸಿಗುವುದರೊಳಗೆ ಮುಂದಿನ ಆಟೋದ ಬೆನ್ನು
ಗೇಣು ದೂರ.

ಇವತ್ತು ಶುಕ್ರವಾರ, ಭಟ್ಟಿ ತಣ್ಣಗಿದೆ.
ಗಾಲಿಗೆ ಕಲ್ಲು ಒಡ್ಡಿ, ಹರಿದ ಗೋಣಿ ಹಾಸಿ
ಅಡಿಗೆ ಸರಿದೆ.
ಹನ್ನೊಂದರ ಪಾನಾ, ತಂಪುಪಾನೀಯದ ಖಾಲಿ ಬಾಟಲಿ,
ಅವ್ವನ ಕೊನೆಯ ವಾರದಿಂದ ಉಳಿದ
ಸಲೈನಿನ ಪೈಪು.
ಒಬ್ಬನಿಂದ ಆಗುವ ಕೆಲಸವಲ್ಲ,
ತುಳಿಯಲು ಒಬ್ಬರು, ತಿರುವಲು ಒಬ್ಬರು ಬೇಕು.

ಇಪ್ಪತ್ತೆಂಟು ವರ್ಷ ನಾನು ತುಳಿದವನು,
ಅಡಿಗೆ ಮಲಗಿದವನು ಅಣ್ಣ, ಬುಡೇನ್ ಸಾಬ್.
ಈಗ ಅಂಗಳದ ನಡುವೆ ಹಾಲೋಬ್ಲಾಕಿನ ಗೋಡೆ,
ಪ್ಲಾಸ್ಟರಿನ ಖರ್ಚು ಯಾರದೆಂದು ತೀರ್ಮಾನವಾಗದೆ
ಎರಡೂ ಮಗ್ಗುಲು ಹಾಗೇ ಬಿಟ್ಟಿದೆ.
ತಾಮ್ರದ ಹಂಡೆ ಅವನಿಗೆ, ಒರಳು ನನಗೆ,
ಭಟ್ಟಿ ಅರ್ಧ, ಸಾಲ ಅರ್ಧ.
ಗಾಡಿ ನನ್ನ ಪಾಲಿಗೆ ಬಂತು,
ಗಾಡಿಯ ಮೈ ತಿಳಿದವನು
ಆ ಕಡೆ ಹೋದ.

ತುಳಿಯಲು ಮಗಳನ್ನು ಕೂರಿಸಿದೆ.
ನಗೀನಾಗೆ ಹನ್ನೊಂದು, ಸೀಟಿನ ತುದಿಗೆ ಜಾರಿ
ಎರಡೂ ಕಾಲು ಸೇರಿಸಿದರೆ ಪೆಡಲು ಮುಟ್ಟುತ್ತದೆ.
‘ಒತ್ತು.’
‘ಒತ್ತೀನಿ.’
‘ಹಿಡ್ಕ.’
‘ಹಿಡ್ಕಂಡೀನಿ.’
ನಿಪ್ಪಲ್ಲು ಸಡಿಲಿಸಿದರೆ
ಪೈಪಿನಲ್ಲಿ ಹಳೇ ಚಾ ಡಿಕಾಕ್ಷನ್ನಿನಂಥ ಆಯಿಲ್ಲು,
ನಡುನಡುವೆ ಸಾಸಿವೆ ಗಾತ್ರದ ಗುಳ್ಳೆ.
ಬಿಗಿ ಮಾಡಿ, ‘ಬಿಡು.’
ಮತ್ತೆ ಒತ್ತು. ಹಿಡ್ಕ. ಬಿಡು.
ನಲವತ್ತು ಸಲವಾದರೂ ಆಗಿರಬೇಕು.
ಪೆಡಲು ಅರಳೆಯಾಗಿಯೇ ಇತ್ತು.
‘ಅಪ್ಪಾ, ಕಾಲು ನಡುಗಾಕತ್ತಾವು’ ಅಂದಳು.
ನನ್ನ ಕಣ್ಣಿಗೆ ತುಕ್ಕು ಉದುರಿತ್ತು,
ಬಾಯಿಗೆ ಬಂದದ್ದನ್ನು ಗಾಡಿಗೆ ಬೈದೆ,
ಕೊಂಚ ಗಟ್ಟಿಯಾಗಿಯೇ.

ಆಗ ಗೋಡೆಯಾಚೆಯಿಂದ,
ತಲೆ ಕಾಣಲಿಲ್ಲ, ಬೀಡಿ ಹೊಗೆ ಮಾತ್ರ:
‘ಹತ್ರದ್ದಲ್ಲ.
ದೂರದ ಗಾಲಿಯಿಂದ ಶುರು ಹಚ್ಚು.
ಹಿಂದಿಂದು. ಎಡಗಡೀದು.’

ಎಂಟು ತಿಂಗಳ ಮೇಲೆ ಆಡಿದ ಮಾತು.
ನನ್ನ ಹೆಸರಿರಲಿಲ್ಲ ಅದರಲ್ಲಿ,
ಗೋಡೆಗೆ ಹೇಳಿದನೋ ಗಾಡಿಗೋ.
ನಾನೂ ಹೂಂ ಅನ್ನಲಿಲ್ಲ.
ಗೋಣಿ ಎಳೆದುಕೊಂಡು ಹಿಂದಕ್ಕೆ ತೆವಳಿದೆ,
ಎಡಗಡೆಗೆ, ಗೋಡೆಯ ಬುಡಕ್ಕೇ ಬಂತು ಆ ಗಾಲಿ.
ಬ್ಲಾಕಿನ ಸಂದಿಯಲ್ಲಿ ಅವನ ಚಪ್ಪಲಿ ಕಾಣುತ್ತಿತ್ತು.
ನಾನು ‘ಒತ್ತು’ ಅಂದಾಗೆಲ್ಲ
ಆ ಬಲಗಾಲಿನ ಹೆಬ್ಬೆರಳು
ನೆಲ ಅದುಮುತ್ತಿತ್ತು.

ನಡುವೆ ಒಮ್ಮೆ,
‘ಡಬ್ಬಿ ನೋಡ್ಕ. ಖಾಲಿ ಆದ್ರೆ ಮತ್ತೆ ಗಾಳಿ.’
ನೋಡಿದೆ. ತಳ ಹತ್ತಿತ್ತು. ತುಂಬಿದೆ.

ಉದ್ದನೆಯ ಗುಳ್ಳೆಯೊಂದು ಬಂತು, ಬೆರಳುದ್ದ,
ಆಮೇಲೆ ಸಣ್ಣವು, ಆಮೇಲೆ ಬರೀ ಆಯಿಲ್ಲು,
ಹೊಸದು, ಜೇನಿನ ಬಣ್ಣ.
ಮಿಕ್ಕ ಮೂರು ಗಾಲಿ ಮುಗಿಯುವಾಗ ಬಿಸಿಲು ಏರಿತ್ತು.
‘ಅಪ್ಪಾ, ಗಟ್ಟಿ ಆತು! ಒತ್ತಾಕೆ ಬರವಲ್ದು!’
ಮಗಳು ಕೂಗಿದ್ದು
ಬೇಕಾದ್ದಕ್ಕಿಂತ ಜೋರಾಗಿತ್ತು.

ಆಚೆ ಬೀಡಿ ಹೊಸಕಿದ ಸದ್ದು.
ಸ್ವಲ್ಪ ಹೊತ್ತಿಗೆ ನಲ್ಲಿ ಬಿಟ್ಟ ಸದ್ದು.
ಸೋಪು ಹಚ್ಚಿ, ಬಹಳ ಹೊತ್ತು,
ಮೊಣಕೈತನಕ ತಿಕ್ಕಿ ತೊಳೆಯುತ್ತಿದ್ದ,
ಮಸಿಯೆಲ್ಲ ನನ್ನ ಕೈಗೆ ಹತ್ತಿದ್ದರೂ.